ನೆಗ್ಗು

ಬಳೇಪೇಟೆಯಲ್ಲಿ ನಮ್ಮದು ಮೂರಡಿ ಅಂಗಡಿ.
ಹಾರ್ಮೋನಿಯಮ್ಮಿನ ತಿದಿ, ಬ್ಯಾಂಡಿನವರ ಕೊಂಬು,
ಗಾಳಿ ಸೋರುವುದನ್ನೆಲ್ಲ ಅಪ್ಪ ಮುಚ್ಚುತ್ತಿದ್ದ, ಈಗ ನಾನು.
ಇನ್ನಾಸಪ್ಪನ ಮುಖಕ್ಕಿಂತ ಮೊದಲು
ನನಗೆ ಪರಿಚಯವಾದದ್ದು ಅವನ ಟ್ರಂಪೆಟ್ಟು:
ಅಗಲ ಬಾಯಿ, ಬಾಯ ಕೆಳಗೊಂದು ನೆಗ್ಗು,
ಹೆಬ್ಬೆರಳು ಕೂರುವಷ್ಟು.

"ಅದೊಂದು ಬಿಟ್ಟು ಮಿಕ್ಕಿದ್ದು ತೆಗಿ" ಅಂದ.
"ಯಾಕಣ್ಣ?"
"ಅಲ್ಲಿ ಗಾಳಿ ಒಂದು ಗಳಿಗೆ ಯೋಚನೆ ಮಾಡುತ್ತೆ."
ಹೇಗೆ ಬಿತ್ತು ಅಂದರೆ ಒಂದು ದಿನ ಹೋಟೆಲಿನ ಮೆಟ್ಟಿಲು,
ಇನ್ನೊಂದು ದಿನ ಬೀಗರ ಸಿಟ್ಟು.
ಕೇಳಿದಾಗಲೆಲ್ಲ ಬೇರೆ ಕತೆ.

ದಂಡಿನ ಕಡೆ ಹುಟ್ಟಿದವನು. ಅಪ್ಪ ಚೌರಪ್ಪ
ಗೋರಾ ಪಲ್ಟನ್ನಿನ ಮೆಸ್ಸಿನಲ್ಲಿ ತಟ್ಟೆ ಬೆಳಗುತ್ತಿದ್ದ.
ಯುದ್ಧ ಮುಗಿದು ಸೋಲ್ಜರುಗಳು ಹಡಗು ಹತ್ತಿದಾಗ
ಕುರ್ಚಿ ಹರಾಜಾಯಿತು, ಕನ್ನಡಿ ಹರಾಜಾಯಿತು,
ಗೀರು ಬಿದ್ದ ಒಂದು ಪ್ಲೇಟು ಯಾರಿಗೂ ಬೇಡವಾಗಿ
ಚೌರಪ್ಪನ ಚೀಲದಲ್ಲಿ, ಉಳಿದ ರೊಟ್ಟಿಯ ಜೊತೆ, ಮನೆಗೆ ಬಂತು.

ಗೀರಿನ ಹತ್ತಿರ ಬಂದಾಗಲೆಲ್ಲ ಮುಳ್ಳು
ಹಿಂದಕ್ಕೆ ಹಾರುತ್ತಿತ್ತು. ಅದೇ ನಾಲ್ಕು ಸ್ವರ,
ಅದೇ ನಾಲ್ಕು ಸ್ವರ.
ಮುಂದೇನಾಯಿತೆಂದು ಪ್ಲೇಟು ಎಂದೂ ಹೇಳಲಿಲ್ಲ.
ಹನ್ನೊಂದು ವರ್ಷದ ಹುಡುಗ
ಚರ್ಚು ಬ್ಯಾಂಡಿನ ಕಾರ್ನೆಟ್ಟು ಅಂಗಿಯೊಳಗೆ ಅಡಗಿಸಿ ತಂದು
ಸಲಕ್ಕೊಂದರಂತೆ ಆ ಮುಂದನ್ನು ತಾನೇ ಊದಿದ.
"ಎಷ್ಟೋ ವರ್ಷ ಗೊತ್ತೇ ಇರಲಿಲ್ಲ ಕಣಯ್ಯ,
ಅದು ಪ್ಲೇಟಿನ ತಪ್ಪು ಅಂತ.
ಸಂಗೀತ ಇರೋದೇ ಹಾಗೆ ಅಂದ್ಕೊಂಡಿದ್ದೆ."

ಹಗಲು ಮದುವೆ ಬ್ಯಾಂಡು, ಕೆಂಪು ಕೋಟು.
ಚಿಕ್ಕಪೇಟೆ ತಿರುವಿನಲ್ಲಿ ಸಿನಿಮಾ ಹಾಡೊಂದರ ಚರಣ ಹಿಡಿದವನು
ಎಲ್ಲಿಗೋ ಹೊರಟುಹೋದ.
ಕುದುರೆ ನಿಂತಿತು. ಮದುಮಗ ಪೇಟ ಸರಿಮಾಡಿಕೊಂಡು ಕಾದ.
ಮುಹೂರ್ತ, ಮುಹೂರ್ತ ಎಂದು ಕೂಗಾಡಿದರು ಬೀಗರು.
ಮಾಲೀಕ ಎಂಟಾಣೆ ಮುರಿದುಕೊಂಡ.
ರಾತ್ರಿ ಹೋಟೆಲಿನ ಮರದ ನೆಲ, ಕಪ್ಪು ಕೋಟು.
ಕುಣಿಯುವವರ ಹೆಜ್ಜೆ ತಪ್ಪಿತೆಂದು ಅಲ್ಲಿ ಎರಡು ರೂಪಾಯಿ.
ಒಂದೊಂದು ದಂಡವನ್ನೂ ಅಡುಗೆಮನೆ ಗೋಡೆಯ ಮೇಲೆ
ಇದ್ದಿಲಲ್ಲಿ ಬರೆದಿಡುತ್ತಿದ್ದಳು ಹೆಂಡತಿ ಫಿಲೋಮಿನಮ್ಮ.
ಅವನ ನುಡಿಸಾಣಿಕೆಗೆ ಬರೆದ ದಾಖಲೆ ಅಂತ
ಇದ್ದದ್ದು ಅದೊಂದೇ.
ಸುಣ್ಣ ಬಳಿದ ವರ್ಷ ಅದೂ ಹೋಯಿತು.

ಸಂಗೀತ ಬಲ್ಲ ಮೇಷ್ಟ್ರೊಬ್ಬರು ನಮ್ಮ ಅಂಗಡಿಯಲ್ಲೇ ಕೇಳಿದರು,
"ಇದು ನಮ್ಮ ಆಲಾಪನೆ ತಾನೇ?"
"ಅಲ್ಲ ಸ್ವಾಮಿ. ನಿಮಗೆ ಮನೆ ದಾರಿ ಗೊತ್ತು,
ಬೇಕಂತಲೇ ಬಳಸಿಕೊಂಡು ಹೋಗ್ತೀರಿ.
ನಾನು ನಿಜವಾಗ್ಲೂ ತಪ್ಪಿಸಿಕೊಂಡಿರ್ತೀನಿ."

ಬರೆದಿಟ್ಟದ್ದನ್ನು ಬಿಟ್ಟು ಊದಿದವರಲ್ಲಿ
ಈ ಊರಿಗೆ ಅವನೇ ಮೊದಲಿಗ ಅನ್ನುತ್ತಾರೆ.
ನನಗೆ ಗೊತ್ತಿಲ್ಲ. ಮೊದಲಿಗರ ಲೆಕ್ಕ ಇಡುವವರು
ಆ ರಾತ್ರಿಗಳಲ್ಲಿ ನಿದ್ದೆಯಲ್ಲಿದ್ದರು.

ಮೂವತ್ತರಲ್ಲಿ ಸ್ವರಗಳನ್ನು
ಬಾಣಲೆಯ ಸಾಸಿವೆಯಂತೆ ಸಿಡಿಸುತ್ತಿದ್ದನಂತೆ.
ಐವತ್ತೆರಡರಲ್ಲಿ ಮುಂದಿನ ಹಲ್ಲು ಮೂರು ಹೋದವು.
ಹೋಟೆಲಿನವರು ಬಣ್ಣದ ದೀಪ, ಕ್ಯಾಸೆಟ್ಟು ತಂದರು.
ಎರಡು ಮಳೆಗಾಲ ಪೆಟ್ಟಿಗೆ ತೆರೆಯಲಿಲ್ಲ.
ಆಮೇಲೆ, ನಾನು ಕದ ಎಳೆಯುವ ಹೊತ್ತಿಗೆ ಬಂದು
ಗುಜರಿಯ ನಡುವೆ ಕೂತು, ಕಟ್ಟಿಸಿದ ಹಲ್ಲಿನಲ್ಲಿ
ಮತ್ತೆ ಮೊದಲಿನಿಂದ.
ಉಳಿದದ್ದು ಮೂರೇ ಸ್ವರ.
ಮೂರರ ನಡುವೆ ಎಷ್ಟು ಜಾಗ ಇದೆಯೆಂದು
ಅಲ್ಲಿಯವರೆಗೆ ನಾನು ಕೇಳಿರಲಿಲ್ಲ.
ಎಂಜಲು ಒರೆಸಿಕೊಂಡು ಅಂದ,
"ಮೊದಲೆಲ್ಲ ಹೆದರಿಕೆಗೆ ಅಷ್ಟೊಂದು ಊದ್ತಿದ್ದೆ."

ಒಂದು ಸಂಜೆ ವಾಲ್ವಿಗೆ ಎಣ್ಣೆ ಬಿಟ್ಟು ಕೊಟ್ಟೆ.
ಊದಿ ನೋಡುತ್ತಿದ್ದ. ಬೀದಿಯಲ್ಲಿ ಬಿಟಿಎಸ್ ಬಸ್ಸೊಂದು
ಕೈಗಾಡಿಯ ಹಿಂದೆ ಸಿಕ್ಕಿಕೊಂಡು ಹಾರನ್ ಹೊಡೆಯಿತು.
ಅದರ ಸ್ವರ ಹಿಡಿದ, ಕೂದಲೆಳೆಯಷ್ಟು ಕೆಳಗಿಳಿಸಿ
ಉತ್ತರ ಕೊಟ್ಟ.
ಡ್ರೈವರು ಮತ್ತೆ ಹೊಡೆದ. ಇವನು ಮತ್ತೆ, ಬೇರೆ.
ಕೈಗಾಡಿ ಸರಿದು ದಾರಿ ಬಿಟ್ಟ ಮೇಲೂ
ಬಸ್ಸು ಒಂದು ಗಳಿಗೆ ಅಲ್ಲೇ ನಿಂತಿತ್ತು.

ಈಗ ಲಿಂಗರಾಜಪುರದಿಂದ ಮೊಮ್ಮಗಳು ಬರುತ್ತಾಳೆ.
ಷೋಕೇಸಿನಲ್ಲಿ ಇಡಬೇಕಂತೆ,
ನೆಗ್ಗು ತೆಗೆದು ಫಳಫಳ ಮಾಡಿಕೊಡಿ ಅಂತಾಳೆ.
ಸುತ್ತಿಗೆ ಕೈಯಲ್ಲೇ ಇದೆ.
ನಾಳೆ ಬಾಮ್ಮ, ಅನ್ನುತ್ತೇನೆ.
ಇದುವರೆಗೆ ನಾಲ್ಕು ಸಲ ಅಂದಿದ್ದೇನೆ.